3+ ಅಂದರೆ ಮೂರನೇ ಹಂತವಲ್ಲ

ಪ್ರಶ್ನೆ: ನಮ್ಮದು ಮಂಡ್ಯದ ಹತ್ತಿರದ ಹಳ್ಳಿ. ತಾಯಿಯ ಸ್ತನದ ಗಡ್ಡೆಯ ರಿಪೋರ್ಟಿನಲ್ಲಿ ‘ಹರ್-2: 3+, ಪಾಸಿಟಿವ್’ ಎಂದಿದೆ. ಕಾಯಿಲೆ ಮೂರನೇ ಹಂತಕ್ಕೆ ಹೋಗಿದೆ ಎಂದು ನೆಂಟರೊಬ್ಬರು ಹೆದರಿಸಿದರು. ಪಾಸಿಟಿವ್ ಅಂದರೆ ಒಳ್ಳೆಯದೇ ಎಂದು ಇನ್ನೊಬ್ಬರು. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ ನಂಬಬೇಡಿ. ಮೈಸೂರಿನ ನನ್ನ ಲ್ಯಾಬಿನ ಬಾಗಿಲಲ್ಲಿ ಈ ಪ್ರಶ್ನೆ ಕೇಳಿಸದ ವಾರವಿಲ್ಲ. ಒಂದೇ ಉತ್ತರ ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಬಿಡುತ್ತಿದ್ದೇನೆ.

ಹಂತ ಗೊತ್ತಾಗುವುದು ಗಡ್ಡೆಯ ಅಳತೆ, ಕಂಕುಳಿನ ಗಂಟು, ಕಾಯಿಲೆ ಬೇರೆಡೆಗೆ ಹರಡಿದೆಯೇ ಎಂಬುದರಿಂದ. 3+ ಎಂಬುದು ಬಣ್ಣದ ಲೆಕ್ಕ. ಹರ್-2 ಜೀವಕೋಶದ ಹೊರಮೈ ಮೇಲಿರುವ ಪ್ರೋಟೀನು. ‘ಬೆಳೆ’ ಎಂಬ ಸಂದೇಶವನ್ನು ಒಳಗೆ ದಾಟಿಸುವುದು ಅದರ ಕೆಲಸ. ಮಾಮೂಲಿ ಕೋಶದ ಮೇಲೆ ಇವು ಸಾವಿರಗಳ ಲೆಕ್ಕದಲ್ಲಿದ್ದರೆ, ಕೆಲವು ಕ್ಯಾನ್ಸರ್ ಕೋಶಗಳ ಮೇಲೆ ಹತ್ತಿಪ್ಪತ್ತು ಲಕ್ಷ. ನಾವು ಅದಕ್ಕೆ ಕಂದು ಬಣ್ಣ ಹಿಡಿಸಿ ನೋಡುತ್ತೇವೆ. ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಕೋಶಗಳ ಸುತ್ತ ದಟ್ಟ ಬಣ್ಣ ಪೂರ್ತಿ ಸುತ್ತುವರಿದು, ಕೋಳಿಗೂಡಿನ ತಂತಿಬಲೆಯ ಹಾಗೆ ಕಂಡರೆ 3+ ಎಂದು ಬರೆಯುತ್ತೇವೆ. ಗಡ್ಡೆ ಗೋಲಿಯಷ್ಟಿದ್ದರೂ 3+ ಬರಬಹುದು.

ಇನ್ನು ಒಳ್ಳೆಯದೋ ಕೆಟ್ಟದ್ದೋ ಎಂಬ ಮಾತು. 1987ರಲ್ಲಿ ಲಾಸ್ ಏಂಜಲೀಸ್‌ನ ಡೆನಿಸ್ ಸ್ಲೇಮನ್ ತಂಡ 189 ಗಡ್ಡೆಗಳನ್ನು ಪರೀಕ್ಷಿಸಿ, ಈ ಪ್ರೋಟೀನನ್ನು ಮಾಡಿಸುವ ಹರ್-2 ಜೀನಿನ ಪ್ರತಿಗಳು ಹೆಚ್ಚಿದ್ದವರಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ, ಆಯುಸ್ಸೂ ಕಡಿಮೆ ಎಂದು ತೋರಿಸಿತು. ಆಗ ಅದು ಕೆಟ್ಟ ಸುದ್ದಿಯೇ. 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮ್ಯಾಬ್‌ಗೆ ಅನುಮತಿ ಸಿಕ್ಕಿತು. ಅದು ಇದೇ ಪ್ರೋಟೀನನ್ನು ಹಿಡಿದು ತಡೆಯುವ ಔಷಧ. ಅಂದಿನಿಂದ 3+ ಅಂದರೆ ಗುರಿ ಕಣ್ಣಿಗೆ ಬಿದ್ದಿದೆ ಎಂದೂ ಅರ್ಥ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದೇ ಬಗೆಯ ಔಷಧ ತಂದಿತು. ಶಸ್ತ್ರಚಿಕಿತ್ಸೆಯಾದವರಿಗೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ಒಂದು ವರ್ಷ. ಹೃದಯದ ಮೇಲೆ ಪರಿಣಾಮವಾಗಬಹುದು. ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ, ನಡುನಡುವೆಯೂ ಮಾಡಿಸುತ್ತಿರಬೇಕು. ‘ಅಮ್ಮ ಚೆನ್ನಾಗೇ ಓಡಾಡ್ತಾರೆ’ ಎಂದು ಎಕೋ ತಪ್ಪಿಸುವ ಮಕ್ಕಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನನ್ನ ನಿಜವಾದ ಚಿಂತೆ ಬೇರೆ. ಒಮ್ಮೆ ಒಂದು ನರ್ಸಿಂಗ್ ಹೋಮಿನಿಂದ ಗಡ್ಡೆಯನ್ನು ಸಲೈನಿನಲ್ಲಿ ಅದ್ದಿ, ಡಬ್ಬಿಯಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದ್ದರು. ಶನಿವಾರ ತೆಗೆದದ್ದು ಸೋಮವಾರ ನನ್ನ ಮೇಜಿಗೆ ಬಂತು. ಕೊಳೆಯತೊಡಗಿದ ಅಂಗಾಂಶದ ಮೇಲೆ ಬಣ್ಣ ಸುಳ್ಳು ಹೇಳುತ್ತದೆ. ನಾನು ಅಂಕ ಬರೆಯಲು ಒಪ್ಪಲಿಲ್ಲ. ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಅದು, ಅಂಗಾಂಶ ಕೆಡದಂತೆ ಕಾಯುವ ದ್ರಾವಣವಾದ ಫಾರ್ಮಾಲಿನ್‌ಗೆ ಬೀಳಬೇಕು. ಅದರಲ್ಲಿ 6 ಗಂಟೆಗಿಂತ ಕಡಿಮೆಯೂ ಬೇಡ, 72 ಗಂಟೆಗಿಂತ ಹೆಚ್ಚೂ ಬೇಡ. ಆದ್ದರಿಂದ ‘ಫಾರ್ಮಾಲಿನ್‌ಗೆ ಯಾವಾಗ ಹಾಕಿದಿರಿ’ ಎಂದು ಕೇಳಿ. ಸಂಕೋಚ ಬೇಡ. ಗಡ್ಡೆಯನ್ನು ಕೂರಿಸಿದ ಮೇಣದ ಬ್ಲಾಕನ್ನು ಜೋಪಾನ ಮಾಡಿ. ಅನುಮಾನ ಬಂದರೆ ಇನ್ನೊಂದು ಲ್ಯಾಬ್ ಅದರಿಂದಲೇ ಮತ್ತೆ ನೋಡುತ್ತದೆ.

ಪ್ರಶ್ನೆ: 2+ ಬಂದಿದೆ. ಅರ್ಧ ಪಾಸಿಟಿವ್ ಅಂತಲೇ?

ಉತ್ತರ: ಅರ್ಧ ಬಸುರಿ ಇರುತ್ತಾರೆಯೇ? 2+ ಅಂದರೆ ಬಣ್ಣದಿಂದ ತೀರ್ಮಾನವಾಗಲಿಲ್ಲ ಎಂದಷ್ಟೇ. ಫಿಶ್ ಪರೀಕ್ಷೆ ಮಾಡಿಸಿ, ಅದು ಜೀನಿನ ಪ್ರತಿಗಳನ್ನೇ ಎಣಿಸುತ್ತದೆ. (ಮೀನಿಗೂ ಇದಕ್ಕೂ ಸಂಬಂಧವಿಲ್ಲ, ಅದನ್ನೂ ಕೇಳಿದ್ದಾರೆ.)

ಪ್ರಶ್ನೆ: ಒಂದು ಮಂಡಲ ಪುಡಿ ಕುಡಿದರೆ 3+ ನೆಗೆಟಿವ್ ಮಾಡಿಕೊಡುತ್ತೇನೆ ಎನ್ನುವ ಪಂಡಿತರೊಬ್ಬರಿದ್ದಾರೆ. ಹೋಗಬಹುದೇ?

ಉತ್ತರ: 48 ದಿನ ನೀವು ಕಾಯುತ್ತೀರಿ, ಗಡ್ಡೆ ಕಾಯುವುದಿಲ್ಲ. ಪುಡಿಯ ಮೇಲಿನ ನಂಬಿಕೆಯಿಂದ ತಡವಾಗಿ ಬಂದವರ ಸ್ಲೈಡು ನೋಡುವುದು ನಾನು, ಆ ಪಂಡಿತರಲ್ಲ.

ಪ್ರಶ್ನೆ: ಪರೀಕ್ಷೆಗೆಂದು ಗಡ್ಡೆಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತೆ?

ಉತ್ತರ: ಸೂಜಿಗೆ ಹೆದರಿ ಆರು ತಿಂಗಳು ಮನೆಯಲ್ಲಿ ಕೂತರೆ ಹರಡುತ್ತದೆ.

ಪ್ರಶ್ನೆ: ನಮ್ಮದೇ ಆಲೆಮನೆ ಇದೆ. ತಾಯಿಗೆ ಬೆಲ್ಲ ನಿಲ್ಲಿಸಬೇಕೇ?

ಉತ್ತರ: ಬೆಲ್ಲ ಬಿಟ್ಟರೆ ಗಡ್ಡೆ ಉಪವಾಸ ಬೀಳುವುದಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಮಾತು ಬೇರೆ.

ಪ್ರಶ್ನೆ: ಅಮ್ಮನ ಹರ್-2 ನನಗೂ ಬರುತ್ತದೆಯೇ?

ಉತ್ತರ: ಇಲ್ಲ. ಅದು ಅವರ ಗಡ್ಡೆಯಲ್ಲೇ ಹುಟ್ಟಿದ ಬದಲಾವಣೆ. ವಂಶಪಾರಂಪರ್ಯದ ಬಿಆರ್‌ಸಿಎ ಜೀನು ಬೇರೆ ವಿಷಯ. ಅಜ್ಜಿ, ಚಿಕ್ಕಮ್ಮಂದಿರಿಗೂ ಬಂದಿದ್ದರೆ ಅದನ್ನು ನಿಮ್ಮ ವೈದ್ಯರಿಗೆ ಹೇಳಿ.