577201 ಅವಿಭಾಜ್ಯವೇ?
ಶಿವಮೊಗ್ಗದ ಪಿನ್‌ಕೋಡ್ 577201 ಅನ್ನು 13ರವರೆಗಿನ ಯಾವ ಅವಿಭಾಜ್ಯ ಸಂಖ್ಯೆಯೂ ನಿಶ್ಶೇಷವಾಗಿ ಭಾಗಿಸದಿರುವುದರಿಂದ ಅದು ಅವಿಭಾಜ್ಯವೇ, 4ರಿಂದ ಭಾಗಿಸಿದಾಗ 1 ಉಳಿಯುವುದರಿಂದ ಎರಡು ಪೂರ್ಣಾಂಕಗಳ ವರ್ಗಗಳ ಮೊತ್ತವೂ ಹೌದೇ ಎಂದು ತಾವು ಕೇಳಿದ್ದೀರಿ. ಎರಡೂ ಅಲ್ಲ. ಮುಂದಿನ ಅವಿಭಾಜ್ಯವಾದ 17ರಿಂದ ಭಾಗಿಸಿದರೆ 33953 ದೊರೆಯುತ್ತದೆ. ಅದು 19 × 1787. ಹೀಗೆ ಮೂರು ಭಿನ್ನ ಅವಿಭಾಜ್ಯಗಳ ಗುಣಲಬ್ಧವಾದ ಸಂಖ್ಯೆಯನ್ನು ಸ್ಫೀನಿಕ್ ಸಂಖ್ಯೆ ಎನ್ನುತ್ತಾರೆ. 17 ಮತ್ತು 19 ಅವಳಿ ಅವಿಭಾಜ್ಯಗಳು, ಅಂದರೆ ಅವುಗಳ ನಡುವಿನ ಅಂತರ 2, 1787ಕ್ಕೂ 1789 ಎಂಬ ಅವಳಿಯಿದೆ. ಈ ಸಂಖ್ಯೆಯಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡದ್ದು ಇದೇ. ಇನ್ನು ವರ್ಗಗಳ ವಿಚಾರ: 1 ಉಳಿದರೆ ಸಾಕು ಎಂಬ ಗಣಿತಜ್ಞ ಫರ್ಮಾನ ನಿಯಮ ಅವಿಭಾಜ್ಯಗಳಿಗೆ ಮಾತ್ರ ಸಲ್ಲುತ್ತದೆ, ಸಂಯುಕ್ತ ಸಂಖ್ಯೆಯಾದರೆ, 4ರಿಂದ ಭಾಗಿಸಿದಾಗ 3 ಉಳಿಸುವ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ ಸಮಸಂಖ್ಯೆಯ ಬಾರಿ (2, 4, 6...) ಬರಬೇಕು. ಇಲ್ಲಿ 19 ಮತ್ತು 1787 ಎರಡೂ 3 ಉಳಿಸುತ್ತವೆ, ಒಂದೊಂದೇ ಬಾರಿ ಬರುತ್ತವೆ. ಆ ಎರಡು 3ಗಳ ಗುಣಲಬ್ಧ 9 ಆಗಿ, ಅದನ್ನು 4ರಿಂದ ಭಾಗಿಸಿದಾಗ 1 ಉಳಿಯುವುದರಿಂದಲೇ ಕೊನೆಯಲ್ಲಿ 1 ಉಳಿದಿದೆ.