ಬ್ಯಾಕ್ಟೀರಿಯಾಗಳಿಗೆ ವಿರಳ ಭೂಲೋಹಗಳು ಯಾಕೆ ಬೇಕು?

ಮೆಥನಾಲ್ ಅರಗಿಸಿಕೊಳ್ಳಲು. ಅದೊಂದು ಸರಳ ಆಲ್ಕೋಹಾಲ್, ಕೆಲವು ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅದಕ್ಕೆ ಲ್ಯಾಂಥನಮ್, ಸೀರಿಯಮ್‌ನಂಥ ವಿರಳ ಭೂಲೋಹಗಳು ನೆರವಾಗುತ್ತವೆ.

ನಮ್ಮ ಕಾಸರಗೋಡಿನ ತೋಟವನ್ನೇ ನೋಡಿ. ಅಡಿಕೆ ಮರಕ್ಕೆ ಹಬ್ಬಿದ ಒಳ್ಳೆಮೆಣಸಿನ ಬಳ್ಳಿಯಲ್ಲಿ ಚಿಗುರು ಬೆಳೆಯುವಾಗ, ಎಲೆಯ ಕೋಶಗಳ ಗೋಡೆಯಿಂದ ಚೂರು ಮೆಥನಾಲ್ ಹೊರಬರುತ್ತದೆ. ಎಲೆಗಳ ಮೇಲೆ ಬದುಕುವ ಗುಲಾಬಿ ಬಣ್ಣದ ಮೆಥೈಲೋಬ್ಯಾಕ್ಟೀರಿಯಮ್‌ಗೆ ಅದೇ ಆಹಾರ. ಮೆಥನಾಲನ್ನು ಬದಲಾಯಿಸುವ ಕಿಣ್ವದ, ಅಂದರೆ ಆ ಕೆಲಸ ಮಾಡುವ ಪ್ರೋಟೀನಿನ ನಡುವೆ ಒಂದು ಲೋಹದ ಅಯಾನು, ಅಂದರೆ ಚಾರ್ಜ್ ಇರುವ ಪರಮಾಣು ಕೂತಿರಬೇಕು. ಒಂದು ಬಗೆಯ ಕಿಣ್ವದಲ್ಲಿ ಅದು ಕ್ಯಾಲ್ಸಿಯಮ್, ಇನ್ನೊಂದರಲ್ಲಿ ಲ್ಯಾಂಥನಮ್ ಅಥವಾ ಅದರ ಬಂಧು. ಕ್ಯಾಲ್ಸಿಯಮ್‌ಗೆ 2 ಧನ ಚಾರ್ಜ್, ಲ್ಯಾಂಥನಮ್‌ಗೆ 3. ಚಾರ್ಜ್ ಜಾಸ್ತಿಯಾದರೆ ಎಲೆಕ್ಟ್ರಾನುಗಳನ್ನು ಎಳೆಯುವ ಶಕ್ತಿಯೂ ಜಾಸ್ತಿ ಅಲ್ವಾ? ಹಾಗಾಗಿ ಕೆಲಸ ಸಲೀಸು.

ವಿರಳ ಭೂಲೋಹಗಳಿಗೆ ಜೀವಿಗಳಲ್ಲಿ ಕೆಲಸವೇ ಇಲ್ಲ ಅಂತ ಬಹಳ ಕಾಲ ನಂಬಿದ್ದರು. ಇಟಲಿಯ ನೇಪಲ್ಸ್ ಹತ್ತಿರದ ಜ್ವಾಲಾಮುಖಿ ಕೆಸರಿನ ಒಂದು ಬ್ಯಾಕ್ಟೀರಿಯಾ ಇವು ಇಲ್ಲದೆ ಬೆಳೆಯುವುದೇ ಇಲ್ಲ ಎಂದು 2014ರಲ್ಲಿ ಪ್ರಕಟವಾಯಿತು. ನನಗಂತೂ ಇದು ತುಂಬಾ ಇಷ್ಟದ ಸಂಗತಿ.

ಅಂದಹಾಗೆ, 'ವಿರಳ' ಅನ್ನುವ ಹೆಸರು ನೋಡಿ ಮೋಸಹೋಗಬೇಡಿ. ಭೂಮಿಯ ಹೊರಪದರದಲ್ಲಿ ಸೀರಿಯಮ್ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ನೀರಲ್ಲಿ ಸುಲಭವಾಗಿ ಕರಗುವುದಿಲ್ಲ, ಅಷ್ಟೇ.