ನಂಬಿಕೆ ಹೋಯಿತು, ಭಯ ಹೋಗಲಿಲ್ಲ

ಪ್ರಶ್ನೆ: ನನಗೆ 34 ವರ್ಷ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮದು ಮೂರು ತಲೆಮಾರಿನ ಕಥೋಲಿಕ ಕುಟುಂಬ. ತಾತ ಹತ್ತಿ ಗಿರಣಿಯ ಕೆಲಸಕ್ಕೆಂದು ಈ ಊರಿಗೆ ಬಂದವರು. ಹನ್ನೊಂದು ವರ್ಷ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟಿದ್ದೇನೆ, ಗಾನವೃಂದದಲ್ಲಿ ಹಾಡಿದ್ದೇನೆ. ನನ್ನ ನಂಬಿಕೆ ಹೋಗಲು ಯಾರ ಸಾವೂ ಕಾರಣವಲ್ಲ, ಯಾವ ಜಗಳವೂ ಕಾರಣವಲ್ಲ. ಓದುತ್ತ, ಯೋಚಿಸುತ್ತ ನಾಲ್ಕು ವರ್ಷಗಳಲ್ಲಿ ಅದು ಕರಗಿತು. ಒಂದು ಭಾನುವಾರ ಎಲ್ಲರೊಂದಿಗೆ ವಿಶ್ವಾಸಪ್ರಮಾಣ ಹೇಳುತ್ತಿದ್ದಾಗ, ಅದರಲ್ಲಿ ಒಂದು ಸಾಲನ್ನೂ ನಾನು ನಿಜವೆಂದು ಹೇಳುತ್ತಿಲ್ಲ ಎಂಬುದು ಹೊಳೆಯಿತು. ಎರಡು ವರ್ಷದಿಂದ ಚರ್ಚಿನ ಭಾನುವಾರದ ಆರಾಧನೆಗೆ, ನಾವು ಬಲಿಪೂಜೆ ಎನ್ನುವುದಕ್ಕೆ, ಹೋಗಿಲ್ಲ. ಅಮ್ಮನಿಗೆ ತಲೆನೋವು, ಉತ್ತರಪತ್ರಿಕೆ ಎಂದು ನೆಪ ಹೇಳುತ್ತೇನೆ. ಆದರೆ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನರಕದ ಭಯ ಹಿಡಿಯುತ್ತದೆ. ‘ಒಂದು ವೇಳೆ ಇದ್ದುಬಿಟ್ಟರೆ’ ಎಂದು ಮೇರಿ ಮಾತೆಯ ಜಪವಾದ ನಮೋ ಮರಿಯಾ ಹೇಳಿಕೊಂಡು ಮಲಗುತ್ತೇನೆ; ಬೆಳಿಗ್ಗೆ ನಾಚಿಕೆಯಾಗುತ್ತದೆ. ಸಹೋದ್ಯೋಗಿಯೊಬ್ಬರಿಗೆ ವಿಷಯ ಹೇಳಿದಾಗ, ‘ಹಾಗಾದ್ರೆ ನಮ್ಮ ಕಡೆ ಬಂದ್ಬಿಡ್ರೀ’ ಎಂದು ಸಂಭ್ರಮಪಟ್ಟರು. ಅಂದಿನಿಂದ ಯಾರಿಗೂ ಹೇಳಿಲ್ಲ. ಈಗ ತಮ್ಮ ತನ್ನ ಮಗುವನ್ನು ಸಭೆಗೆ ಸೇರಿಸುವ ದೀಕ್ಷಾಸ್ನಾನಕ್ಕೆ ನನ್ನನ್ನೇ ಜ್ಞಾನತಾಯಿಯಾಗು, ಅಂದರೆ ಮಗುವಿನ ಪರವಾಗಿ ನಿಲ್ಲು ಎನ್ನುತ್ತಿದ್ದಾನೆ. ನಾನು ಚರ್ಚಿಗೆ ಪತ್ರ ಬರೆದುಕೊಟ್ಟು ಹೊರಬರಬೇಕೇ? ಈ ಸಂಕಟಕ್ಕೆ ಮದ್ದಿದೆಯೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಭಯವಿದೆ, ನಾಚಿಕೆಯಿದೆ, ಆದರೆ ದುಃಖ ಎಂಬ ಮಾತು ಎಲ್ಲಿಯೂ ಇಲ್ಲ. ನಾನು ಮೊದಲು ಗಮನಿಸಿದ್ದು ಅದನ್ನೇ. ನಾಲ್ಕೈದು ವಯಸ್ಸಿನಿಂದ ದಿನವೂ ನಿಮ್ಮ ಮಾತಿಗೆ ಕಿವಿಗೊಡುತ್ತಿದ್ದ ಒಬ್ಬರು, ತಪ್ಪು ಮಾಡಿದಾಗ ಕ್ಷಮಿಸುತ್ತಿದ್ದವರು, ಪರೀಕ್ಷೆಯ ಹಿಂದಿನ ರಾತ್ರಿ ಜೊತೆಗಿದ್ದವರು, ಈಗ ಇಲ್ಲ. ಅವರು ಹೋದರೆನ್ನಲೂ ಬರುವುದಿಲ್ಲ, ಏಕೆಂದರೆ ಅವರು ಎಂದೂ ಇರಲೇ ಇಲ್ಲವೆಂದು ನೀವೀಗ ತಿಳಿದಿದ್ದೀರಿ. ಅದರ ಜೊತೆಗೆ, ತಾತನನ್ನು ಮತ್ತೊಮ್ಮೆ ಕಾಣುತ್ತೇನೆಂದು ನೀವು ಮಣ್ಣು ಹಾಕುವಾಗ ನಂಬಿದ್ದರೆ, ಆ ತಾತ ನಿಮ್ಮ ಪಾಲಿಗೆ ಈ ನಾಲ್ಕು ವರ್ಷಗಳಲ್ಲಿ ಎರಡನೆಯ ಬಾರಿ ತೀರಿಕೊಂಡಿದ್ದಾರೆ. ನಂಬಿಕೆ ಕಳೆದುಕೊಂಡವರು ನನ್ನೆದುರು ಕುಳಿತು ಅತ್ತದ್ದು ಬಹುಪಾಲು ಈ ಎರಡನೆಯ ಸಾವಿನ ಮಾತು ಬಂದಾಗಲೇ.

ಮನೆಯಲ್ಲಿ ಸಾವಾದರೆ ಊರೇ ಬಂದು ಕೂರುತ್ತದೆ, ಪಕ್ಕದ ಮನೆಯವರು ಅನ್ನ-ಸಾರು ತಂದುಕೊಡುತ್ತಾರೆ. ನಿಮ್ಮ ಈ ನಷ್ಟಕ್ಕೆ ಮಾತನಾಡಿಸಲು ಬರುವವರಿಲ್ಲ. ಚರ್ಚಿನ ಒಳಗಿನವರು ಇದನ್ನು ಪಾಪವೆನ್ನುತ್ತಾರೆ, ಹೊರಗಿನವರು ಗೆಲುವೆನ್ನುತ್ತಾರೆ. ಎರಡೂ ಕಡೆ ಅಳಲು ಜಾಗವಿಲ್ಲ. ಸಮಾಜ ಒಪ್ಪಿಕೊಳ್ಳದ ಇಂಥ ಶೋಕದ ಬಗ್ಗೆ ಅಮೆರಿಕದ ಪ್ರಾಧ್ಯಾಪಕ ಕೆನೆತ್ ಡೋಕಾ 1989ರಲ್ಲಿಯೇ ವಿವರವಾಗಿ ಬರೆದಿದ್ದಾರೆ. ಅವರ ಮಾತಿನ ತಿರುಳು ಸರಳವಾದದ್ದು: ದುಃಖಪಡುವ ಹಕ್ಕು ಸಿಗದಿದ್ದಾಗ ದುಃಖ ಕಡಿಮೆಯಾಗುವುದಿಲ್ಲ, ವೇಷ ಬದಲಿಸುತ್ತದೆ. ನಿಮ್ಮಲ್ಲಿ ಅದು ನಾಚಿಕೆಯ ವೇಷ ಹಾಕಿದೆ ಎಂದು ನನಗೆ ತೋರುತ್ತದೆ.

ಇದು ಕಾಯಿಲೆಯೇ ಎಂದರೆ, ಅಲ್ಲ. ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗವರ್ಗೀಕರಣ ಕೈಪಿಡಿಯ 1994ರ ಆವೃತ್ತಿಯಲ್ಲಿ, ನಂಬಿಕೆ ಕಳೆದುಕೊಳ್ಳುವುದರಿಂದ ಅಥವಾ ಪ್ರಶ್ನಿಸುವುದರಿಂದ ಉಂಟಾಗುವ ಸಂಕಟಕ್ಕೆ ಪ್ರತ್ಯೇಕ ಹೆಸರೊಂದನ್ನು ಕೊಟ್ಟು, ಅದನ್ನು ಮನೋರೋಗಗಳ ಪಟ್ಟಿಯಿಂದ ಹೊರಗೆ, ವೈದ್ಯರು ಗಮನ ಕೊಡಬೇಕಾದ ಜೀವನದ ಸಮಸ್ಯೆಗಳ ಸಾಲಿನಲ್ಲಿ ಇಟ್ಟಿತು. 2013ರ ಆವೃತ್ತಿಯೂ ಅದನ್ನು ಉಳಿಸಿಕೊಂಡಿದೆ. ಮೊಬೈಲಿನಲ್ಲಿ ಹುಡುಕಿದರೆ ‘ರಿಲಿಜಿಯಸ್ ಟ್ರಾಮಾ ಸಿಂಡ್ರೋಮ್’ (ಧರ್ಮದಿಂದಾದ ಮನೋಘಾತ) ಎಂಬ ಮಾತು ನಿಮ್ಮ ಕಣ್ಣಿಗೆ ಬೀಳಬಹುದು. ಮಾರ್ಲೀನ್ ವಿನೆಲ್ ಎಂಬ ಮನಶ್ಶಾಸ್ತ್ರಜ್ಞೆ 2011ರಲ್ಲಿ ಬಳಕೆಗೆ ತಂದ ಆ ಹೆಸರು ಅಧಿಕೃತ ರೋಗನಿರ್ಣಯವಲ್ಲ. ದೇವರ ಹೆಸರಿನಲ್ಲಿ ಹೊಡೆತ ತಿಂದವರಿಗೆ, ಬಹಿಷ್ಕಾರ ಅನುಭವಿಸಿದವರಿಗೆ ಆ ಮಾತು ನೆರವಾದದ್ದುಂಟು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣದಿರುವುದರಿಂದ ಆ ಚೀಟಿಯನ್ನು ಅವಸರದಿಂದ ಹಣೆಗೆ ಅಂಟಿಸಿಕೊಳ್ಳಬೇಡಿ.

ಇನ್ನು ರಾತ್ರಿಯ ಭಯ. ರಷ್ಯಾದ ವಿಜ್ಞಾನಿ ಪಾವ್ಲೋವ್ ತನ್ನ ನಾಯಿಗಳಲ್ಲಿ ಕಂಡದ್ದನ್ನು ನೀವು ಓದಿರುತ್ತೀರಿ: ಗಂಟೆಯ ಜೊತೆಗೆ ಊಟ ಕೊಟ್ಟು ರೂಢಿಸಿದ ಮೇಲೆ ಗಂಟೆ ಕೇಳಿದರೇ ನಾಯಿಗೆ ಜೊಲ್ಲು ಬರುತ್ತದೆ; ಗಂಟೆ ಬಾರಿಸಿಯೂ ಊಟ ಕೊಡದೆ ಹೋದರೆ ಅದು ಜೊಲ್ಲು ಸುರಿಸುವುದನ್ನು ಕ್ರಮೇಣ ಬಿಡುತ್ತದೆ, ಆದರೆ ಕೆಲವು ಕಾಲದ ನಂತರ ಮತ್ತೆ ಗಂಟೆ ಕೇಳಿಸಿದಾಗ ಹಳೆಯ ಜೊಲ್ಲು ಹಠಾತ್ತನೆ ಮರಳುತ್ತದೆ. ಕಲಿತ ಭಯವೂ ಹೀಗೆಯೇ. ಅದು ಅಳಿಸಿಹೋಗುವುದಿಲ್ಲ, ಅದರ ಮೇಲೆ ಹೊಸ ಪಾಠವೊಂದು ಬರೆಯಲ್ಪಡುತ್ತದೆ. ದಣಿದ, ಕತ್ತಲಾದ, ಒಬ್ಬಂಟಿಯಾದ ಹೊತ್ತಿನಲ್ಲಿ ಹೊಸ ಪಾಠ ಮಸುಕಾಗಿ ಹಳೆಯದು ಎದ್ದುಬರುತ್ತದೆ. ಆದ್ದರಿಂದ ನಡುರಾತ್ರಿಯ ಭಯ ನಿಮ್ಮ ವಿಚಾರ ತಪ್ಪೆಂಬುದಕ್ಕೆ ಸಾಕ್ಷಿಯಲ್ಲ, ನೀವು ಹೇಡಿ ಎಂಬುದಕ್ಕೂ ಅಲ್ಲ. ಬುದ್ಧಿ ನಾಲ್ಕು ವರ್ಷದಲ್ಲಿ ಬಿಟ್ಟದ್ದನ್ನು ಮೈ ಬಿಡಲು ಇನ್ನೂ ಕೆಲವು ವರ್ಷ ಹಿಡಿಯಬಹುದು. ನಾನು ಬೇರೊಂದು ಸಂಪ್ರದಾಯದ ಮನೆಯಲ್ಲಿ ಹುಟ್ಟಿದವಳು. ಪೂಜೆ ಬಿಟ್ಟು ಮೂವತ್ತು ವರ್ಷವಾದರೂ ಬಸ್ಸು ಗುಡಿಯ ಮುಂದೆ ಹಾದಾಗ ಬಲಗೈ ತಾನಾಗಿ ಎದೆಯ ಹತ್ತಿರ ಹೋಗುತ್ತದೆ. ಅದನ್ನು ನಾನು ತಡೆಯುವುದೂ ಇಲ್ಲ, ಅದಕ್ಕೆ ಅರ್ಥ ಹುಡುಕುವುದೂ ಇಲ್ಲ.

ಆದರೆ ನಿಮ್ಮ ನಮೋ ಮರಿಯಾ ನನ್ನ ಕೈಯಷ್ಟು ನಿರುಪದ್ರವಿಯಲ್ಲ. ಸಮಾಧಾನಕ್ಕೆ ಹೇಳಿಕೊಳ್ಳುವ ಜಪ ಬೇರೆ, ಭಯಕ್ಕೆ ಕಟ್ಟುವ ಕಪ್ಪ ಬೇರೆ. ನಮ್ಮ ಪಾಳೆಯಗಾರರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಒಮ್ಮೆ ಕಪ್ಪ ಕಟ್ಟಿಸಿಕೊಂಡವನು ಮರುವರ್ಷವೂ ಬರುತ್ತಾನೆ. ಜಪ ಹೇಳಿದ ಕೂಡಲೇ ಎದೆ ಹಗುರಾಗುವುದರಿಂದ, ಜಪವೇ ನನ್ನನ್ನು ಕಾಪಾಡಿತು ಎಂಬ ಪಾಠವನ್ನು ಮಿದುಳು ಪ್ರತಿ ರಾತ್ರಿ ಹೊಸದಾಗಿ ಕಲಿಯುತ್ತದೆ. ಹಾಗೆಂದು ಇಂದೇ ನಿಲ್ಲಿಸಿಬಿಡಿ ಎನ್ನುವುದಿಲ್ಲ. ಎಚ್ಚರವಾದಾಗ ಎದ್ದು ಕುಳಿತು, ಎರಡೂ ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿ, ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದುಕೊಂಡು ಆರು ಎಣಿಸುವಷ್ಟು ಹೊತ್ತು ಬಿಡಿ. ‘ಭಯ ಬಂದಿದೆ’ ಎಂದಷ್ಟೇ ಹೇಳಿಕೊಳ್ಳಿ. ನರಕ ಇದೆಯೋ ಇಲ್ಲವೋ ಎಂಬ ವಾದವನ್ನು ಆ ಹೊತ್ತಿನಲ್ಲಿ ಖಂಡಿತ ಹೂಡಬೇಡಿ. ಜಪವನ್ನು ಹತ್ತು ನಿಮಿಷ ಮುಂದಕ್ಕೆ ಹಾಕಿ. ಮರುವಾರ ಹದಿನೈದು ನಿಮಿಷ. ಭಯ ತಾನಾಗಿ ಏರಿ ತಾನಾಗಿ ಇಳಿಯುವುದನ್ನು ಮೈ ಕೆಲವು ಸಲ ಕಂಡರೆ, ಕಪ್ಪದ ಅಗತ್ಯ ಕಡಿಮೆಯಾಗುತ್ತ ಬರುತ್ತದೆ. ಎಷ್ಟು ಸಲ ಹೇಳಿದಿರಿ, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ತಪ್ಪಿಲ್ಲದೆ ಹೇಳಿದೆನೇ ಎಂಬ ಅನುಮಾನದಿಂದ ಮತ್ತೆ ಮತ್ತೆ ಹೇಳಬೇಕೆನಿಸುತ್ತಿದ್ದರೆ, ದಿನಕ್ಕೆ ಒಂದು ಗಂಟೆಗೂ ಮಿಕ್ಕಿ ಇದೇ ನಡೆಯುತ್ತಿದ್ದರೆ, ಅದು ಗೀಳುರೋಗವಿರಬಹುದು. ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ಮನೋವೈದ್ಯರನ್ನು ಕಾಣಲೇಬೇಕು.

ಚರ್ಚಿಗೆ ಪತ್ರ ಕೊಡುವ ಅಗತ್ಯವಿಲ್ಲ. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಹಿಂದೆ ವಿವಾಹದ ಸಂದರ್ಭಕ್ಕಾಗಿ ‘ವಿಧ್ಯುಕ್ತವಾಗಿ ಸಭೆಯನ್ನು ತೊರೆಯುವುದು’ ಎಂಬ ಪ್ರಸ್ತಾಪವಿತ್ತು. 2009ರಲ್ಲಿ ಪೋಪ್ ಬೆನೆಡಿಕ್ಟ್ ಅದನ್ನು ತೆಗೆದುಹಾಕಿದರು. ದೀಕ್ಷಾಸ್ನಾನದ ದಾಖಲೆಯಲ್ಲಿ ಬರೆದ ಹೆಸರು ನಡೆದುಹೋದ ಘಟನೆಯೊಂದರ ದಾಖಲೆಯಾಗಿ ಹಾಗೆಯೇ ಉಳಿಯುತ್ತದೆ. ನಂಬದಿರಲು ನಿಮಗೆ ಯಾರ ಸಹಿಯೂ ಬೇಕಿಲ್ಲ. ಸಂವಿಧಾನದ 25ನೆಯ ವಿಧಿ ಹೇಳುವ ಅಂತಃಸಾಕ್ಷಿಯ ಸ್ವಾತಂತ್ರ್ಯ ನಿಮಗೂ ಸಲ್ಲುತ್ತದೆ.

ಜ್ಞಾನತಾಯಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಒಪ್ಪಿಕೊಳ್ಳಬೇಡಿ. ಆ ವಿಧಿಯಲ್ಲಿ ಮಗುವಿನ ಪರವಾಗಿ ನಿಂತವರು ಸೈತಾನನನ್ನು ತ್ಯಜಿಸುತ್ತೇನೆಂದೂ, ವಿಶ್ವಾಸಪ್ರಮಾಣದ ಒಂದೊಂದು ಅಂಶವನ್ನೂ ನಂಬುತ್ತೇನೆಂದೂ ಗುರುಗಳ ಮುಂದೆ ಬಾಯಿಬಿಟ್ಟು ಹೇಳಬೇಕು. ಯಾವ ಸಾಲುಗಳು ನಿಮ್ಮ ಬಾಯಲ್ಲಿ ಸುಳ್ಳಾದವೋ ಅವನ್ನೇ, ಈ ಸಲ ಒಂದು ಕೂಸಿನ ಹೆಸರಿನಲ್ಲಿ ಹೇಳಿದರೆ, ಆ ರಾತ್ರಿ ನಿಮಗೆ ನಿದ್ದೆ ಬರುವುದಿಲ್ಲ. ಸಭೆಯ ನಿಯಮದ ಪ್ರಕಾರವೂ ಆ ಸ್ಥಾನ ನಂಬಿಕೆಯಲ್ಲಿ ಬಾಳುವವರಿಗೆ ಮೀಸಲು. ಒಬ್ಬರೇ ನಿಂತರೂ ಸಾಕು, ಜ್ಞಾನತಂದೆ, ಜ್ಞಾನತಾಯಿ ಇಬ್ಬರೂ ಇರಲೇಬೇಕೆಂದಿಲ್ಲ. ಹೀಗಾಗಿ ನಿಮ್ಮಿಂದ ದೀಕ್ಷಾಸ್ನಾನವೇನೂ ನಿಲ್ಲುವುದಿಲ್ಲ. ತಮ್ಮನಿಗೆ ಹೀಗೆ ಹೇಳಬಹುದು: ‘ಲೋ, ಆ ಮಾತು ಹೇಳೋಕೆ ನನ್ ಮನಸ್ಸು ಈಗ ಒಪ್ತಿಲ್ಲ. ಸುಳ್ಳು ಹೇಳಿ ನಿನ್ನ ಕೂಸಿನ್ನ ಎತ್ಕೊಳ್ಳೋದು ಬೇಡ. ನಾನು ಹೆಂಗಿದ್ರೂ ಅದಕ್ಕೆ ಸೋದರತ್ತೆ ಅಲ್ವೇನೋ?’ ನಮ್ಮ ಕಡೆ ಸೋದರತ್ತೆಯ ಸ್ಥಾನವೇನು ಸಣ್ಣದಲ್ಲ. ತೊಟ್ಟಿಲ ಬಳಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಅವಳೇ. ಯಾವ ನಂಬಿಕೆಯನ್ನೂ ಪ್ರಮಾಣ ಮಾಡದೆ ನಿಮಗೆ ದಕ್ಕಿರುವ ಸ್ಥಾನ ಅದು.

ಅಮ್ಮನಿಗೆ ಎಲ್ಲವನ್ನೂ ಒಂದೇ ಕೂರಿನಲ್ಲಿ ಹೇಳಬೇಕೆಂದಿಲ್ಲ, ಆದರೆ ತಲೆನೋವಿನ ನೆಪ ಸಾಕು. ಎರಡು ವರ್ಷ ಪ್ರತಿ ಭಾನುವಾರ ತಲೆನೋವೆಂದರೆ ಯಾವ ತಾಯಿ ನಂಬುತ್ತಾಳೆ? ಅವರಿಗೆ ಅರ್ಧ ಗೊತ್ತಿರುತ್ತದೆ, ಉಳಿದರ್ಧವನ್ನು ಇನ್ನೂ ಕೆಟ್ಟದ್ದಾಗಿ ಊಹಿಸಿಕೊಂಡಿರುತ್ತಾರೆ. ‘ಅಮ್ಮ, ನನಗೆ ಮೊದಲಿನ ಹಾಗೆ ಪ್ರಾರ್ಥನೆ ಬರ್ತಿಲ್ಲ. ನಿನ್ನ ಮೇಲೂ ಸಿಟ್ಟಿಲ್ಲ, ಚರ್ಚಿನವರ ಮೇಲೂ ಸಿಟ್ಟಿಲ್ಲ’ ಎಂಬಷ್ಟು ಮೊದಲಿಗೆ ಸಾಕಾದೀತು. ಅವರು ಅತ್ತರೆ ಅಳಲಿ. ಆ ಅಳುವಿಗೆ ಉತ್ತರ ಕೊಡಲು ಹೋಗಬೇಡಿ. ಸಂಜೆ ಅವರು ಜಪಸರ ಹಿಡಿದು ಕುಳಿತಾಗ ನೀವು ಬಾಯಿ ಆಡಿಸದೆ ಪಕ್ಕದಲ್ಲಿ ಹುರುಳಿಕಾಯಿ ಸೋಸುತ್ತ ಕುಳಿತಿರಬಹುದು. ಸೆಪ್ಟೆಂಬರ್ 8ರ ಉತ್ಸವಕ್ಕೆ ಹರಿಹರದ ಆರೋಗ್ಯಮಾತೆಯ ಚರ್ಚಿಗೆ ಅವರು ಹೊರಟರೆ ಚೀಲ ಹಿಡಿದು ಜೊತೆಗೆ ಹೋಗಿ; ಅಲ್ಲಿಗೆ ಬರುವವರೆಲ್ಲ ಕ್ರೈಸ್ತರೇ ಅಲ್ಲ ಎಂಬುದು ನಿಮಗೇ ಗೊತ್ತು, ಮಗಳಾಗಿ ಬಂದವಳನ್ನು ಬಾಗಿಲಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಬಂಧುಗಳಲ್ಲಿ ಯಾರಾದರೂ ಮದರ್ ತೆರೆಸಾ ಅವರ ಮಾತು ತೆಗೆಯಬಹುದು. ಅವರು ತೀರಿಕೊಂಡ ಹತ್ತು ವರ್ಷದ ಬಳಿಕ, 2007ರಲ್ಲಿ ಪ್ರಕಟವಾದ ಪತ್ರಗಳಲ್ಲಿ ದಶಕಗಳ ಕಾಲ ಅವರು ಅನುಭವಿಸಿದ ಒಳಗಿನ ಕತ್ತಲೆಯ ವಿವರವಿದೆ. ‘ನಿನಗೂ ಅದೇ ಆಗಿರೋದು, ತಾನಾಗಿ ಸರಿಹೋಗುತ್ತೆ’ ಎನ್ನುತ್ತಾರೆ. ತೆರೆಸಾ ಕತ್ತಲೆಯೊಳಗೇ ನಂಬಿಕೆಯನ್ನು ಹಿಡಿದು ನಿಂತವರು, ನೀವು ಯೋಚಿಸಿ ಬಿಟ್ಟವರು, ಎರಡೂ ಒಂದಲ್ಲ. ಆದರೂ ಹೇಳಿದವರೊಂದಿಗೆ ವಾದಕ್ಕಿಳಿಯಬೇಡಿ, ಅವರಿಗೆ ನಿಮ್ಮ ಮೇಲಿರುವ ಅಕ್ಕರೆ ಅವರಿಗೆ ಗೊತ್ತಿರುವ ಭಾಷೆಯಲ್ಲಿ ಹಾಗೆ ಬಂದಿರುತ್ತದೆ.

‘ನಮ್ಮ ಕಡೆ ಬನ್ನಿ’ ಎಂದ ಸಹೋದ್ಯೋಗಿಯ ವಿಷಯದಲ್ಲಿ ಹೇಳುವುದಿಷ್ಟು: ಮನೆ ಖಾಲಿಯಾದ ಮರುದಿನವೇ ಬಾಡಿಗೆಗೆ ಕೊಡಬೇಕೆಂಬ ಕಟ್ಟುಪಾಡಿಲ್ಲ. ಒಂದೆರಡು ವರ್ಷ ಬೀಗ ಹಾಕಿಟ್ಟರೂ ನಡೆಯುತ್ತದೆ.

ನಿಮ್ಮ ಪತ್ರದ ಕೊನೆಯ ಪುಟದ ಅಂಚಿನಲ್ಲಿ, ಪ್ರಶ್ನೆಗೆ ಸಂಬಂಧವಿಲ್ಲವೆಂಬಂತೆ, ಶನಿವಾರ ಸಂಜೆ ಹಾಡಿನ ಅಭ್ಯಾಸ ಮುಗಿಸಿ ಗೆಳತಿಯರೊಂದಿಗೆ ಮಂಡಕ್ಕಿ-ಮಿರ್ಚಿ ತಿನ್ನುತ್ತಿದ್ದುದನ್ನು ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ಅದೇ ಮುಖ್ಯ ವಿಷಯ. ದೇವರು ಹೋದ ಜಾಗಕ್ಕಿಂತ ಆ ಶನಿವಾರ ಹೋದ ಜಾಗ ಕೆಲವೊಮ್ಮೆ ದೊಡ್ಡದಾಗಿ ಕಾಣುತ್ತದೆ. ಗೆಳತಿಯರಲ್ಲಿ ಒಬ್ಬರನ್ನಾದರೂ, ಚರ್ಚಿನ ಮಾತು ತೆಗೆಯದೆ, ಅದೇ ಅಂಗಡಿಗೆ ಕರೆಯಿರಿ. ಹಾಡನ್ನು ಬಿಡಬೇಡಿ: ಸುಗಮ ಸಂಗೀತದ ತರಗತಿಗಳು ನಮ್ಮೂರಿನಲ್ಲಿಯೂ ನಡೆಯುತ್ತವೆ, ಹಳೆಯ ಕ್ರಿಸ್ಮಸ್ ಗೀತೆಗಳನ್ನು ಅಡುಗೆಮನೆಯಲ್ಲಿ ಗುನುಗಿದರೆ ಯಾರಿಗೂ ದ್ರೋಹವಾಗುವುದಿಲ್ಲ. ಭಾನುವಾರದ ಬೆಳಗಿಗೂ ಏನಾದರೂ ಗೊತ್ತುಮಾಡಿಕೊಳ್ಳಿ, ಕುಂದುವಾಡ ಕೆರೆಯ ಏರಿಯ ಮೇಲಿನ ನಡಿಗೆಯಾದರೂ ಸರಿ. ಏಳರಿಂದ ಒಂಬತ್ತರವರೆಗಿನ ಆ ಎರಡು ಗಂಟೆ ಖಾಲಿ ಬಿದ್ದಷ್ಟೂ ವಾರವಿಡೀ ಕಾಡುತ್ತದೆ.

ಎರಡು ವಾರಕ್ಕೂ ಹೆಚ್ಚು ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ, ನಿದ್ದೆ-ಊಟ ಕೆಟ್ಟರೆ, ಬದುಕು ಸಾಕೆನಿಸಿದರೆ ಕಾಯಬೇಡಿ. 2022ರಿಂದ ನಡೆಯುತ್ತಿರುವ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಊರು ಚಿಕ್ಕದು, ಸುದ್ದಿ ಹರಡೀತು ಎಂಬ ಅಂಜಿಕೆಯಿದ್ದರೆ, ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವೈದ್ಯರ ಕರ್ತವ್ಯ ಎಂಬುದು ನೆನಪಿರಲಿ.

ಪ್ರಶ್ನೆ: ನಾವು ಪ್ರೊಟೆಸ್ಟೆಂಟ್ ಸಭೆಯವರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ, ತನಗೆ ದೇವರಲ್ಲಿ ನಂಬಿಕೆ ಇಲ್ಲವೆಂದು ಹೋದ ವರ್ಷ ಹೇಳಿದ. ಪ್ರತಿ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳಿ ಎಲ್ಲರೂ ಪ್ರಾರ್ಥಿಸುತ್ತೇವೆ. ಅದು ತಿಳಿದಾಗಿನಿಂದ ಅವನು ಫೋನ್ ಎತ್ತುವುದಿಲ್ಲ. ನಾವು ಮಾಡಿದ ತಪ್ಪೇನು?
— ಒಬ್ಬ ತಂದೆ, ಚಿತ್ರದುರ್ಗ

ಉತ್ತರ: ಪ್ರಾರ್ಥಿಸಿದ್ದು ತಪ್ಪಲ್ಲ, ಹೆಸರು ಹೇಳಿದ್ದು ತಪ್ಪು. ನಿಮಗೊಬ್ಬರಿಗೆಂದು ಅವನು ಹೇಳಿದ ಮಾತು ಅವನ ಬಾಲ್ಯದ ಗೆಳೆಯರ, ಅವರ ತಾಯಂದಿರ ಬಾಯಿಗೆ ಬಿತ್ತು. ಇನ್ನು ಮುಂದೆ ಅವನಿಗಾಗಿ ಮನೆಯಲ್ಲಿ, ಮನಸ್ಸಿನಲ್ಲೇ ಪ್ರಾರ್ಥಿಸಿ. ಹಿರಿಯರಿಂದಲೋ ಪಾಸ್ಟರರಿಂದಲೋ ಅವನಿಗೆ ಫೋನ್ ಮಾಡಿಸಬೇಡಿ. ಫೋನ್ ಎತ್ತದಿದ್ದರೆ ಎರಡು ಸಾಲಿನ ಸಂದೇಶ ಕಳಿಸಿ: ‘ಹೆಸರು ಹೇಳಿಸಿದ್ದು ನನ್ನ ತಪ್ಪಪ್ಪಾ, ನಿಲ್ಲಿಸಿದ್ದೇನೆ. ಕ್ರಿಸ್ಮಸ್ಸಿಗೆ ಬಾ, ಆರಾಧನೆಗೆ ಬಾ ಎನ್ನುವುದಿಲ್ಲ, ಊಟಕ್ಕೆ ಬಾ.’ ಅವನು ಬಂದರೆ ಆ ಬೆಳಿಗ್ಗೆ ನೀವು ಎಂದಿನಂತೆ ಆರಾಧನೆಗೆ ಹೋಗಿ ಬನ್ನಿ, ಅವನು ಮಲಗಿರಲಿ. ಊಟದ ಮುಂದೆ ಎಂದಿನ ಪ್ರಾರ್ಥನೆ ಮಾಡಿ, ಆದರೆ ಅದರಲ್ಲಿ ಅವನಿಗೆ ತಾಗುವ ಒಂದು ವಾಕ್ಯವನ್ನೂ ಸೇರಿಸಬೇಡಿ. ಮಾತಿಗೆ ಅವನ ಕೆಲಸ, ಬಾಡಿಗೆ, ಬೆನ್ನುನೋವು ಇದ್ದೇ ಇರುತ್ತವೆ.